ಜಿಂಕೆಯ ಮೇವೂ ನಮ್ಮ ಬೇಲಿಯೂ

ಮಲೆನಾಡಿನಲ್ಲಿ ಬೇಸಾಯವೆಂಬುದು ಅರ್ಧಪಾಲು ಬೇಲಿಯ ಕೆಲಸವೆಂದರೆ ತಪ್ಪಾಗಲಾರದು. ಬಯಲುಸೀಮೆಯ ರೈತನು ಮಳೆಗಾಗಿ ಆಕಾಶವನ್ನು ನೋಡುವಂತೆ, ಮಲೆನಾಡಿನವನು ತೆನೆ ಹಾಲುಗಟ್ಟುವ ಕಾಲದಲ್ಲಿ ಕಾಡಿನ ಅಂಚನ್ನು ನೋಡುತ್ತಾನೆ. ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿಯಂತಹ ಸೀಮೆಯಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿ ಒಂದು ಮಗ್ಗುಲಿಗೆ ಬಿಸ್ಲೆಯ ದಟ್ಟವಾದ ಕಾಡು; ಇನ್ನೊಂದು ಮಗ್ಗುಲಿಗೆ ಕಾಫಿ, ಏಲಕ್ಕಿ, ಮೆಣಸುಗಳ ತೋಟ; ನಡುವಣ ತಗ್ಗುಗಳಲ್ಲಿ ಬತ್ತದ ಗದ್ದೆ. ಕಾಡಿನ ಪ್ರಾಣಿಗೆ ತನ್ನ ಮೇವು ಎಲ್ಲಿ ಮುಗಿಯಿತು, ಮನುಷ್ಯನ ಬೆಳೆ ಎಲ್ಲಿ ಮೊದಲಾಯಿತು ಎಂಬುದನ್ನು ತಿಳಿಸತಕ್ಕ ಗುರುತು ಬೇಲಿಯೊಂದೇ.

ಬೇಲಿಯೆಂದರೆ ಎಲ್ಲವನ್ನೂ ತಡೆಯತಕ್ಕದ್ದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ನಮ್ಮ ಹಿರಿಯರ ಬೇಲಿಗೆ ಆರಿಸಿ ಬಿಡುವ ಗುಣವೂ ಇದ್ದಿತು. ಮಲೆನಾಡಿನ ಮನೆಗಳ ಹಾದಿಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ತಡಬೆಯನ್ನೇ ನೋಡಿರಿ. ತಲೆಯ ಮೇಲೆ ಹೊರೆ ಹೊತ್ತ ಹೆಂಗಸು ಅದನ್ನು ಮೆಟ್ಟಿ ದಾಟಿಹೋಗುತ್ತಾಳೆ; ಅವಳ ಹಿಂದೆಯೇ ಬಂದ ಹಸುವು ಆಚೆಯೇ ನಿಲ್ಲುತ್ತದೆ. ಅಲ್ಲಿ ಬಾಗಿಲಿಲ್ಲ, ಬೀಗವಿಲ್ಲ, ಕಾವಲುಗಾರನೂ ಇಲ್ಲ. ಮನುಷ್ಯನ ಕಾಲು ಎಷ್ಟು ಎತ್ತರಕ್ಕೆ ಏಳುತ್ತದೆ, ಹಸುವಿನ ಕಾಲು ಹೇಗೆ ಮಡಿಯುತ್ತದೆ ಎಂಬುದನ್ನು ಬಲ್ಲವನು ಅದನ್ನು ಕಟ್ಟಿದನು, ಅಷ್ಟೆ. ಬೇಲಿಯ ಶಾಸ್ತ್ರವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಯಾವ ಪ್ರಾಣಿಯನ್ನು ತಡೆಯಬೇಕೋ ಅದರ ಮೈಯನ್ನೂ ನಡೆಯನ್ನೂ ಮೊದಲು ತಿಳಿಯಬೇಕು.

ಅಮೆರಿಕದ ಹೊರೆಬೇಲಿ

ಈ ವಿದ್ಯೆಯನ್ನು ಬಹಳ ದೂರದ ಒಂದು ದೇಶದಲ್ಲಿ ವಿಚಿತ್ರವಾದ ಒಂದು ಕೆಲಸಕ್ಕೆ ಬಳಸುತ್ತಿರುವರು. ಅಮೆರಿಕದ ಟೆಕ್ಸಾಸ್ ಮೊದಲಾದ ದಕ್ಷಿಣದ ಸಂಸ್ಥಾನಗಳಲ್ಲಿ ಜಮೀನಿನ ಒಡೆಯರು ಜಿಂಕೆಗಳಿಗೆಂದು ಮೆಕ್ಕೆಜೋಳವನ್ನು ಇಡುವ ಪದ್ಧತಿಯುಂಟು. ಅಲ್ಲಿ ಜಿಂಕೆಯ ಬೇಟೆಗೆ ಕಾನೂನಿನ ಅನುಮತಿ ಇರುವುದರಿಂದ, ಹೀಗೆ ಮೇವಿಟ್ಟು ಸಾಕುವುದರಲ್ಲಿ ಬೇಟೆಗಾರರ ಲಾಭವೂ ಸೇರಿದೆ. ಆದರೆ ಜೋಳದ ವಾಸನೆಗೆ ಜಿಂಕೆಗಿಂತ ಮೊದಲು ಬರುವುದು ಹಂದಿ. ಆ ಖಂಡದಲ್ಲಿ ಹಂದಿಯು ಮೂಲದಿಂದ ಇದ್ದ ಪ್ರಾಣಿಯಲ್ಲ. 1539ರಲ್ಲಿ ಡಿ ಸೋಟೋ ಎಂಬ ಸ್ಪೇನಿನ ಸರದಾರನು ಫ್ಲೋರಿಡಾ ತೀರದಲ್ಲಿ ಇಳಿದಾಗ ತನ್ನ ದಂಡಿನ ಊಟಕ್ಕೆಂದು ಹಂದಿಗಳನ್ನೂ ಇಳಿಸಿದನು. ಅವುಗಳಂತೆಯೇ ಮುಂದೆ ಬಂದ ವಲಸೆಗಾರರ ಹಂದಿಗಳೂ ತಪ್ಪಿಸಿಕೊಂಡು ಕಾಡುಬಿದ್ದು, ಇಂದು ಅಲ್ಲಿಯ ರೈತರಿಗೆ ದೊಡ್ಡ ಪೀಡೆಯಾಗಿವೆ.

ಇದಕ್ಕೆ ಅವರು ಕಂಡುಕೊಂಡ ಉಪಾಯವು ನಮ್ಮ ತಡಬೆಯ ತಮ್ಮನೆಂದೇ ಹೇಳಬಹುದು. ದಪ್ಪ ತಂತಿಯನ್ನು ಬೆಸೆದು ಮಾಡಿದ, 16 ಅಡಿ ಉದ್ದದ ಜಾಲರಿಯ ತುಂಡುಗಳನ್ನು ಒಂದಕ್ಕೊಂದು ಸೇರಿಸಿ, ಮೇವಿನ ತೊಟ್ಟಿಯ ಸುತ್ತ ವೃತ್ತಾಕಾರವಾಗಿ ನಿಲ್ಲಿಸುತ್ತಾರೆ. ಜಾಲರಿಯ ಎತ್ತರ 28ರಿಂದ 34 ಅಂಗುಲ, ಎಂದರೆ ಮೂರು ಅಡಿಗೂ ಒಳಗೆ. ಹಂದಿಯು ನೆಗೆಯುವ ಪ್ರಾಣಿಯಲ್ಲವಾದ ಕಾರಣ ಇಷ್ಟು ಎತ್ತರವೇ ಅದಕ್ಕೆ ಕೋಟೆಯಾಗುತ್ತದೆ. ಜಿಂಕೆಗೋ ಇದು ಹೊಸಲಿನಂತೆ. ನಿಂತಲ್ಲಿಂದಲೇ ಹಾರಿ ಒಳಗೆ ಬರುತ್ತದೆ. ಆದರೆ ಆವರಣವು ಕಿರಿದಾದರೆ ಅದು ಹಾರಲು ಹೆದರುತ್ತದೆ. ಒಳಗೆ ಇಳಿಯುವುದಕ್ಕೂ, ಗಾಬರಿಯಾದಾಗ ತಿರುಗಿ ಹೊರಕ್ಕೆ ಹಾರುವುದಕ್ಕೂ ಜಾಗ ಬೇಕು. ಹತ್ತು ತುಂಡುಗಳನ್ನು ಸೇರಿಸಿದರೆ ಸುತ್ತಳತೆ 160 ಅಡಿ, ಅಡ್ಡಳತೆ ಸುಮಾರು 50 ಅಡಿ ಆಗುವುದು. ದನಗಳೂ ಮೇಯುವ ಕಡೆ ಇಂತಹ ಕುಳ್ಳು ಬೇಲಿ ಸಾಲದು, ಏಕೆಂದರೆ ದನವು ಎದೆಯೊಡ್ಡಿ ಅದನ್ನು ಬಾಗಿಸಿಬಿಡುತ್ತದೆ. ಆದ್ದರಿಂದ ಅದರ ಹೊರಗೆ ಗಟ್ಟಿ ಕಂಬಗಳ ಇನ್ನೊಂದು ಸುತ್ತನ್ನು ಎತ್ತರವಾಗಿ ಹಾಕಿ, ಕೆಳಗಿನ ತಂತಿಯನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಬಿಗಿದರೆ, ಜಿಂಕೆ ಅದರಡಿಯಲ್ಲಿ ನುಸುಳುತ್ತದೆ, ದನ ನುಸುಳಲಾರದು. ಹೀಗೆ ಹೊರಬೇಲಿ ದನಕ್ಕೆ, ಒಳಬೇಲಿ ಹಂದಿಗೆ, ಮೇವು ಜಿಂಕೆಗೆ ಎಂದು ಹಂಚಿಕೆಯಾಗುತ್ತದೆ.

ಇದು ನಮ್ಮಲ್ಲಿ ಸಲ್ಲುವುದೆ?

ಇಂತಹ ಜಾಣತನದ ಕೆಲಸವನ್ನು ಕೇಳಿದಾಗ ನಮ್ಮ ತೋಟಗಳ ಗೃಹಸ್ಥರಿಗೂ ಆಸೆ ಹುಟ್ಟುವುದು ಸಹಜ. ಮನೆಗೆ ಪಟ್ಟಣದ ನೆಂಟರು ಬರುತ್ತಾರೆ. ಕಾಡು ನೋಡಲು ಪ್ರವಾಸಿಗಳು ಬಂದು ತಂಗುವ ಮನೆಗಳೂ ಈಗ ಹೆಚ್ಚಿವೆ. ಅಂಗಳದ ಆಚೆ ಒಂದು ಉಪ್ಪಿನ ಕಲ್ಲು, ಒಂದು ಬುಟ್ಟಿ ಜೋಳ ಇಟ್ಟರೆ ಜಿಂಕೆ ಬರಲಿ, ಮಕ್ಕಳು ನೋಡಿ ನಲಿಯಲಿ ಎಂದು ಎಣಿಸುವವರು ದುಷ್ಟರೇನಲ್ಲ. ಬೇಸಗೆಯಲ್ಲಿ ಕಾಡು ಒಣಗಿದಾಗ ಮೂಕಪ್ರಾಣಿಗೆ ಒಂದು ಹಿಡಿ ಮೇವು ಹಾಕುವುದು ಪುಣ್ಯವೆಂಬ ಭಾವನೆ ನಮ್ಮ ಜನದಲ್ಲಿ ಬಹು ಹಿಂದಿನಿಂದ ಬಂದುದು. ಆದರೂ ಈ ಪುಣ್ಯದ ಕೆಲಸಕ್ಕೆ ಕೈಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ಆಲೋಚಿಸಬೇಕೆಂದು ನಮ್ಮ ವಾಚಕರನ್ನು ಪ್ರಾರ್ಥಿಸುತ್ತೇವೆ.

ಮೊದಲನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲದೆ ಬಲೆಯೊಡ್ಡುವುದು, ಉರುಲು ಹಾಕುವುದು, ಆಮಿಷವಿಟ್ಟು ಸೆಳೆಯುವುದು, ಇವುಗಳ ಪ್ರಯತ್ನ ಸಹ ಸೇರಿವೆ. ಜಿಂಕೆಯ ಮರಿಯನ್ನು ತಂದು ಮನೆಯಲ್ಲಿ ಸಾಕುವುದಕ್ಕೂ ಯಾರಿಗೂ ಹಕ್ಕಿಲ್ಲ. ಮೇವಿಟ್ಟವನ ಮನಸ್ಸು ಶುದ್ಧವಾಗಿದ್ದರೂ, ಅಲ್ಲಿಗೆ ಬರುವ ಅಭ್ಯಾಸವಾದ ಪ್ರಾಣಿಯನ್ನು ಕಾದು ಕೂತು ಹೊಡೆಯುವವನ ಮನಸ್ಸು ಹಾಗಿರಬೇಕೆಂಬ ನಿಯಮವಿಲ್ಲವಷ್ಟೆ.

ಎರಡನೆಯದು ರೋಗ. ದನವೂ ಜಿಂಕೆಯೂ ಒಂದೇ ತೊಟ್ಟಿಗೆ ಬಾಯಿಟ್ಟರೆ ಒಂದರ ಬೇನೆ ಇನ್ನೊಂದಕ್ಕೆ ದಾಟುತ್ತದೆ. ಕಾಲುಬಾಯಿ ಜ್ವರವು ಗೊರಸು ಸೀಳಿದ ಪ್ರಾಣಿಗಳಿಗೆಲ್ಲ ತಗಲುವಂತಹುದು. ಹಸು, ಎಮ್ಮೆ, ಹಂದಿ, ಜಿಂಕೆಗಳೆಂಬ ಭೇದವನ್ನು ಅದು ಎಣಿಸದು. ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡರೋಗವು 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಡಿಗೆ ನುಗ್ಗಿ ಕಾಟಿಗಳನ್ನು ಹಿಂಡುಹಿಂಡಾಗಿ ಕೆಡವಿತು. ಆ ಮಾರಿಯು ಲೋಕದಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಿದರು. ಒಂದು ಮಾರಿ ಹೋಯಿತು. ಎಂಜಲಿನ ಹಾದಿ ಮಾತ್ರ ಹಾಗೆಯೇ ಉಳಿದಿದೆ.

ಮೂರನೆಯದು ಬೆಳೆ. ತೊಟ್ಟಿಯ ಜೋಳದ ರುಚಿ ಕಂಡ ಪ್ರಾಣಿಯು ಪಕ್ಕದವನ ಗದ್ದೆಯ ರುಚಿಯನ್ನೂ ಕಾಣದೆ ಬಿಡದು. ನಮ್ಮ ಅಂಗಳಕ್ಕೆ ಬಂದ ಜಿಂಕೆಯ ಚೆಂದವನ್ನು ನಾವು ನೋಡಿದೆವು. ಅದರ ಹಿಂದೆಯೇ ಬಂದ ಹಂದಿಯ ಹಾವಳಿಯನ್ನು ಉಂಡವನು ನೆರೆಯವನು. ಪ್ರಾಣಿದಯೆಯು ನೆರೆಯವನ ಖರ್ಚಿನಲ್ಲಿ ನಡೆಯುವುದು ನ್ಯಾಯವಲ್ಲ.

ನಾಲ್ಕನೆಯದು, ಜಿಂಕೆಯ ಜಾತಿಯೇ. ಚಿತ್ರಗಳಲ್ಲಿ ಕಾಣುವ ಚುಕ್ಕೆ ಜಿಂಕೆ ಬಂಡೀಪುರದಂತಹ ಬಯಲು ಬೆರೆತ ಕಾಡಿನ ನಿವಾಸಿ. ಬಿಸ್ಲೆಯಂತಹ ನಿತ್ಯಹಸುರಿನ ಕಾಡಿಗೆ ಒಗ್ಗಿದವು ಕಡವೆ, ಕಾಡುಕುರಿ, ಮೊಲಕ್ಕಿಂತ ಕೊಂಚ ದೊಡ್ಡದಾದ ಬರ್ಕ, ಇವು. ಇವೆಲ್ಲವೂ ನಾಚಿಕೆಯ ಪ್ರಾಣಿಗಳು. ಒಂಟಿಯಾಗಿಯೋ ಎರಡು ಮೂರಾಗಿಯೋ ಮುಸ್ಸಂಜೆ ಮುಂಜಾವುಗಳಲ್ಲಿ ಮೇಯತಕ್ಕವು. ಇವುಗಳ ಭಯವೇ ಇವುಗಳ ಬೇಲಿ. ಊರನಾಯಿ, ಚಿರತೆ, ಕಳ್ಳಬೇಟೆಗಾರ ಈ ಮೂವರಿಂದಲೂ ಅವನ್ನು ಕಾಯುವುದು ಆ ಭಯವೊಂದೇ. ತುತ್ತು ಕೊಟ್ಟು ಅದನ್ನು ಕಳೆದೆವಾದರೆ, ಮೇವು ಕೊಟ್ಟು ಪ್ರಾಣ ಕೊಂಡಂತಾಯಿತು.

ಜಿಂಕೆಯ ನಿಜವಾದ ಕಣಜ

ಹಾಗಾದರೆ ಜಿಂಕೆಗೆ ನಾವು ಮಾಡಬಹುದಾದ ಉಪಕಾರವೇನೂ ಇಲ್ಲವೆ? ಇದೆ, ಆದರೆ ಅದು ತೊಟ್ಟಿಯಲ್ಲಿಲ್ಲ, ಹುಲ್ಲಿನಲ್ಲಿದೆ. ಕಾಡಿನೊಳಗಣ ಹುಲ್ಲುಬಯಲುಗಳೂ, ಜೌಗಿನ ಹಡ್ಲುಗಳೂ, ಮರದಡಿಯ ಚಿಗುರೂ ಜಿಂಕೆಯ ಕಣಜ. ಆ ಕಣಜಕ್ಕೆ ಕೈಹಾಕುವುದು ನಮ್ಮ ಕೊಟ್ಟಿಗೆಯ ದನ. ಅಮೆರಿಕದವರು ತೊಟ್ಟಿಯಿಂದ ದನವನ್ನು ದೂರವಿಡಲು ಎರಡು ಸುತ್ತು ಬೇಲಿ ಹಾಕಿದರು. ನಾವಾದರೋ ಜಿಂಕೆಯ ಕಣಜದೊಳಕ್ಕೆ ದನವನ್ನು ಅಟ್ಟಿ, ಆಮೇಲೆ ಅಂಗಳದಲ್ಲಿ ಜೋಳವಿಡಲು ಹೊರಡುತ್ತೇವೆ.

ಇದು ಬರಿಯ ತರ್ಕವಲ್ಲ. ಎಂ. ಡಿ. ಮಧುಸೂದನ್ ಎಂಬ ವಿಜ್ಞಾನಿಯು ಬಂಡೀಪುರದಲ್ಲಿ ನಡೆಸಿ 2004 ಮತ್ತು 2005ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು. ಊರ ದನಗಳ ಮೇಯಿಸುವಿಕೆ ಕಡಮೆಯಾದ ಭಾಗದಲ್ಲಿ ಕಾಟಿಯೇ ಮೊದಲಾದ ಕಾಡಿನ ಮೇವುಪ್ರಾಣಿಗಳು ತಾವಾಗಿಯೇ ತಿರುಗಿ ಹೆಚ್ಚಿದವು. ಅವುಗಳಿಗೆ ಯಾರೂ ಮೇವು ಹೊತ್ತು ಹಾಕಲಿಲ್ಲ. ಅವುಗಳ ಮೇವನ್ನು ಅವುಗಳಿಗೆ ಬಿಟ್ಟರು, ಅಷ್ಟೆ.

ಎರಡನೆಯ ಅಧ್ಯಯನದ ಸಂಗತಿಯು ನಮ್ಮ ಕಾಫಿಯ ಸೀಮೆಯವರು ಮನಸ್ಸಿಟ್ಟು ಕೇಳತಕ್ಕದ್ದು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಜನರು ಸಗಣಿಯನ್ನು ಹಿಂದೆ ತಮ್ಮ ಹೊಲಗಳಿಗೇ ಹಾಕುತ್ತಿದ್ದರು. ಕಾಫಿ ಬೆಳೆಯುವ ಜಿಲ್ಲೆಗಳಲ್ಲಿ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿದ ಮೇಲೆ ಅದನ್ನು ಮಾರತೊಡಗಿದರು. ಲೋಕದ ಪೇಟೆಯಲ್ಲಿ ಕಾಫಿಯ ಬೆಲೆ ಏರಿದಾಗ ತೋಟಗಾರನ ಕೈಯಲ್ಲಿ ಹಣವಾಡಿತು. ಗೊಬ್ಬರದ ಬೆಲೆಯೂ ಏರಿತು. ಹಾಲಿಗಾಗಿಯಲ್ಲ, ಉಳುಮೆಗಾಗಿಯೂ ಅಲ್ಲ, ಸಗಣಿಗಾಗಿಯೇ ದನ ಕಟ್ಟುವುದು ಲಾಭವಾಯಿತು. ಆ ದನಗಳು ಮೇಯುತ್ತಿದ್ದುದು ಎಲ್ಲಿ? ಅಭಯಾರಣ್ಯದಲ್ಲಿ. ಹೀಗೆ ಜಿಂಕೆಯ ಹುಲ್ಲು ದನದ ಹೊಟ್ಟೆಯ ಮೂಲಕ ಸಗಣಿಯಾಗಿ, ಲಾರಿಯೇರಿ, ದೂರದ ಕಾಫಿಯ ಗಿಡದ ಬುಡಕ್ಕೆ ಬಿದ್ದಿತು. ಒಂದು ಬಟ್ಟಲು ಕಾಫಿಗೂ ಒಂದು ಕಾಡಿನ ಜಿಂಕೆಗೂ ಇಂತಹ ನಂಟಿರಬಹುದೆಂದು ಯಾರು ತಾನೆ ಎಣಿಸಿದ್ದರು!

ಆದುದರಿಂದ ನಾವು ಹೇಳತಕ್ಕ ಮುಖ್ಯ ಮಾತು ಇದು: ಜಿಂಕೆಗಾಗಿ ಬೇಲಿ ಹಾಕಬೇಕೆಂದಿದ್ದರೆ ಅದನ್ನು ಕಾಡಿನ ಅಂಚಿನಲ್ಲಿ ತೊಟ್ಟಿಯ ಸುತ್ತ ಹಾಕಬೇಡಿರಿ, ನಿಮ್ಮ ಹಿತ್ತಿಲಿನಲ್ಲಿ ಹಸುವಿನ ಮೇವಿನ ಸುತ್ತ ಹಾಕಿರಿ.

ಮೇವಿನ ಮಡಿ

ಮನೆಯ ಹತ್ತಿರ ನೀರು ಸಿಕ್ಕುವ ಕಡೆ ಕೊಂಚ ಜಾಗದಲ್ಲಿ ನೇಪಿಯರ್ ಮೊದಲಾದ ಮೇವಿನ ಹುಲ್ಲನ್ನು ನೆಟ್ಟು, ಕೊಯ್ದು ತಂದು ಕೊಟ್ಟಿಗೆಯಲ್ಲಿಯೇ ಹಾಕಿದರೆ ಮೂರು ಲಾಭಗಳುಂಟು. ಹಸುವು ಮೇವನ್ನರಸಿ ಕಾಡೆಲ್ಲ ಅಲೆಯದೆ ಮನೆಯಲ್ಲಿ ಉಳಿಯುವುದು. ಸಗಣಿಯು ಕಾಡಿನ ಹಾದಿಯಲ್ಲಿ ಚೆಲ್ಲಿಹೋಗದೆ ಗುಂಡಿಗೆ ಸೇರಿ, ಗೊಬ್ಬರಕ್ಕಾಗಿ ಪರಊರಿನ ಲಾರಿಯನ್ನು ಕಾಯುವ ತೊಂದರೆ ಕಡಮೆಯಾಗುವುದು. ದನವು ಇನ್ನೊಬ್ಬರ ಗದ್ದೆಗೆ ಬಿದ್ದು, ದೊಡ್ಡಿಗೆ ಹೋಗಿ, ಅದನ್ನು ಬಿಡಿಸಿ ತರುವ ಅವಮಾನವೂ ನೆರೆಯವರೊಡನೆ ಜಗಳವೂ ತಪ್ಪುವುವು. ಆದರೆ ಈ ಹಸುರಿನ ಮಡಿಯು ಕಾಡಿನ ಅಂಚಿನಲ್ಲಿದ್ದರೆ ತಾನೂ ಒಂದು ಆಮಿಷವೇ. ಹುಲ್ಲಿಗೆ ಬಿಡಾಡಿ ದನ ಬರುತ್ತದೆ. ಬದಿಯಲ್ಲಿ ನೆಟ್ಟ ಗೆಣಸು, ಕೆಸುವಿಗೆ ಹಂದಿ ಬರುತ್ತದೆ. ಆದ್ದರಿಂದ ಇದಕ್ಕೆ ಬೇಲಿ ಬೇಕೇ ಬೇಕು.

ದನವು ಬೇಲಿಯನ್ನು ಎದೆಯಿಂದ ಒತ್ತುತ್ತದೆ. ಅದಕ್ಕೆ ಬೇಕಾದುದು ಗಟ್ಟಿ ಕಂಬವೂ ನಾಲ್ಕು ಅಡಿಗೆ ಕಡಮೆಯಿಲ್ಲದ ಎತ್ತರವೂ. ಹಂದಿಯು ಮೂತಿಯಿಂದ ಅಗೆದು ಕೆಳಗಿನಿಂದ ಎತ್ತುತ್ತದೆ. ಅದಕ್ಕೆ ಎತ್ತರಕ್ಕಿಂತ ಬುಡ ಮುಖ್ಯ. ಕಡವೆ ಜಿಂಕೆಗಳು ಹಾರುತ್ತವೆ; ಅವನ್ನು ಪೂರ್ತಿ ತಡೆಯಬೇಕಾದರೆ ಎಂಟು ಅಡಿ ಬೇಕು, ಅದು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವುದಲ್ಲ. ಆದರೆ ಮೇವಿನ ಮಡಿಗೆ ಎಂದಾದರೂ ಒಂದು ಕಾಡುಕುರಿ ಬಂದು ನಾಲ್ಕು ಬಾಯಿ ಮೇಯ್ದರೆ ಮನೆ ಮುಳುಗುವುದಿಲ್ಲ. ಮಡಿಯನ್ನು ಬುಡಮೇಲು ಮಾಡತಕ್ಕವು ದನ, ಹಂದಿಗಳೇ. ದನಕ್ಕೂ ಹಂದಿಗೂ ಆಗುವಂತೆ ಕಟ್ಟಿದರೆ ನಮ್ಮ ಕೆಲಸಕ್ಕೆ ಸಾಕು.

ಕಟ್ಟುವ ಕ್ರಮ ಹೀಗೆ. ಮಲೆನಾಡಿನ ಮಳೆಗೆ ಮರದ ಗೂಟ ಬೇಗ ಕುಂಬಾಗುವುದರಿಂದ ಮೂಲೆಗಳಿಗಾದರೂ ಕಲ್ಲುಕಂಬವನ್ನೇ ನೆಡಬೇಕು. ನೆಲದೊಳಗೆ ಎರಡು ಅಡಿ ಹೋಗಿರಲಿ. ಕಂಬದಿಂದ ಕಂಬಕ್ಕೆ ಏಳೆಂಟು ಅಡಿ. ಕೆಳಗಣ ಮೂರು ಅಡಿಗೆ ಗಟ್ಟಿಯಾದ ತಂತಿಯ ಜಾಲರಿಯನ್ನು ಹಾಕಿ, ಅದರ ಅಡಿಯ ಒಂದು ಅಡಿಯಷ್ಟನ್ನು ಮಣ್ಣಿನಲ್ಲಿ ಹೂಳಬೇಕು. ಇಲ್ಲವೆ ಹೊರಮಗ್ಗುಲಿಗೆ ಮಡಿಸಿ, ನೆಲದ ಮೇಲೆ ಹಾಸಿ, ಗೂಟ ಹೊಡೆದು ಕಲ್ಲು ಹೇರಬೇಕು. ಹೀಗೆ ಹಾಸಿದ ಜಾಲರಿಯ ಮೇಲೆ ಹಂದಿಯು ತಾನೇ ನಿಂತು ಅಗೆಯಲು ನೋಡುವುದರಿಂದ ಅದರ ಭಾರವೇ ಅದಕ್ಕೆ ಅಡ್ಡಿಯಾಗುವುದು. ನೆಲಕ್ಕೆ ಅಂಟಿದಂತೆ ಒಂದು ಎಳೆ ಮುಳ್ಳುತಂತಿ, ಜಾಲರಿಯ ಮೇಲೆ ದನದ ಎದೆಯ ಮಟ್ಟಕ್ಕೆ ಎರಡು ಎಳೆ ಇರಲಿ. ಹಳ್ಳ ಹಾಯುವ ಕಡೆ ಬೇಲಿಯ ಕೆಳಗೆ ಕಂಡಿಯಾಗದಂತೆ ನೋಡಬೇಕು. ಹಂದಿಯು ಬಾಗಿಲನ್ನು ಹುಡುಕದು, ಇಂತಹ ಕಂಡಿಯನ್ನು ಹುಡುಕುವುದು. ಒಳಕ್ಕೆ ಹೋಗಿ ಬರಲು ತಡಬೆಯನ್ನೇ ಇಟ್ಟುಕೊಂಡರೆ, ಮಕ್ಕಳು ಬಾಗಿಲು ತೆರೆದಿಟ್ಟು ಹೋದರೆಂಬ ದೂರಿಗೆ ಅವಕಾಶವಿರದು.

ಜಾಲರಿಗೆ ಹಣ ಸಾಲದವರು ಹಳೆಯ ಜೀವಬೇಲಿಯನ್ನು ಹೀಗಳೆಯಬೇಕಾಗಿಲ್ಲ. ಕತ್ತಾಳೆಯನ್ನು ಎರಡು ಸಾಲಾಗಿ ಒತ್ತಾಗಿ ನೆಟ್ಟು, ನಡುನಡುವೆ ಹಾಲವಾಣದ ಗೂಟ ಊರಿ ಬಿದಿರ ಅಡ್ಡೆ ಕಟ್ಟಿದರೆ, ಎರಡು ಮೂರು ಮಳೆಗಾಲದಲ್ಲಿ ದನ ದಾಟದ ಬೇಲಿಯಾಗುತ್ತದೆ. ಹೊರಗೆ ಒಂದು ಅಗಳು ತೋಡಿ ಮಣ್ಣನ್ನು ಒಳಬದಿಗೆ ಏರಿ ಹಾಕಿದರೆ ಹಂದಿಗೂ ಕಷ್ಟ. ಸೂರ್ಯಶಕ್ತಿಯ ಬೇಲಿಯನ್ನು ಹಾಕುವವರು ಒಂದು ಮಾತನ್ನು ನೆನಪಿಡಬೇಕು. ಆ ಯಂತ್ರವು ಸುಮಾರು ಕ್ಷಣಕ್ಕೊಂದರಂತೆ ಬಿಟ್ಟುಬಿಟ್ಟು ಬಡಿಯುವ ಅಲ್ಪಕಾಲದ ಪೆಟ್ಟನ್ನು ಕೊಡುತ್ತದೆ. ಅದು ಹೆದರಿಸುವುದಕ್ಕೆ, ಕೊಲ್ಲುವುದಕ್ಕಲ್ಲ. ಮಳೆಗಾಲದಲ್ಲಿ ಬಳ್ಳಿ, ಹುಲ್ಲು ಬೆಳೆದು ತಂತಿಗೆ ತಾಗಿದರೆ ಅದರ ಶಕ್ತಿಯೆಲ್ಲ ನೆಲಕ್ಕೆ ಇಳಿದುಹೋಗುವುದರಿಂದ, ಕತ್ತಿ ಹಿಡಿದು ಬುಡ ಸವರುವವನಿಲ್ಲದ ಮನೆಗೆ ಆ ಬೇಲಿ ಸಲ್ಲದು.

ಮಾಡಬಾರದ ಬೇಲಿ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯುಂಟಷ್ಟೆ. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಯ ತಂತಿಗೆ ಕೊಡುವವರು ಈ ಗಾದೆಯನ್ನು ಇನ್ನೂ ಘೋರವಾಗಿ ನಿಜ ಮಾಡುತ್ತಾರೆ. ಅಂತಹ ತಂತಿಯು ಹಂದಿಯನ್ನು ಗುರುತಿಸದು. ಬೆಳಗಿನ ಜಾವ ನೀರು ಕಟ್ಟಲು ಹೊರಟ ಕೂಲಿಯಾಳನ್ನೂ, ಸೌದೆಗೆ ಹೋದ ಹೆಂಗಸನ್ನೂ, ಕಟ್ಟಿದವನ ಮಗನನ್ನೂ ಅದು ಒಂದೇ ಸಮನಾಗಿ ಹಿಡಿಯುತ್ತದೆ. ಹಂದಿಗೆಂದು ಒಡ್ಡಿದ ತಂತಿಯ ಉರುಲಿಗೆ ಚಿರತೆ ಬೀಳುವುದು, ಹಂದಿಗೆಂದು ಹಿಟ್ಟಿನಲ್ಲಿ ಅಡಗಿಸಿದ ಸಿಡಿಮದ್ದನ್ನು ಮೇಯಲು ಹೋದ ಹಸುವು ಕಚ್ಚಿ ದವಡೆ ಒಡೆದುಕೊಳ್ಳುವುದು, ಇವು ನಮ್ಮ ನಾಡಿನಲ್ಲಿ ನಡೆದುಹೋಗಿರುವ ಸಂಗತಿಗಳು. ಇವೆಲ್ಲವೂ ಅಪರಾಧಗಳು, ಅದಕ್ಕೂ ಮಿಗಿಲಾಗಿ ಪಾಪಗಳು. ಬೆಳೆ ಹಾಳಾದಾಗ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವ ಹಾದಿಯಿದೆ. ಅದು ನಿಧಾನದ ಹಾದಿಯಾದರೂ ಅದರಲ್ಲಿ ಹೆಣ ಬೀಳುವುದಿಲ್ಲ.

ಆನೆಯ ವಿಷಯವನ್ನು ಹೇಳದೆ ಯಸಳೂರಿನ ಬೇಲಿಯ ಮಾತು ಪೂರ್ತಿಯಾಗದು. ಮೇಲೆ ಹೇಳಿದ ಯಾವ ಬೇಲಿಯೂ ಆನೆಗೆ ಲೆಕ್ಕವಲ್ಲ. ಅದು ಗೃಹಸ್ಥನು ಒಬ್ಬನೇ ಬಿಡಿಸತಕ್ಕ ಒಗಟೂ ಅಲ್ಲ. 2023ರ ಡಿಸೆಂಬರ್ 4ರಂದು ಇದೇ ಯಸಳೂರು ವಲಯದ ದಬ್ಬಳಿಕಟ್ಟೆಯಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯದ ನಡುವೆ, ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು ಕಾಡಾನೆಯೊಡನೆ ಹೋರಾಡಿ ಮಡಿಯಿತು. ಕಾಡಿಗೂ ಊರಿಗೂ ನಡುವಣ ಗೆರೆ ಅಳಿಸಿಹೋದಲ್ಲಿ ಎರಡು ಕಡೆಯವರೂ ಎಷ್ಟು ತೆರಬೇಕಾಗುತ್ತದೆ ಎಂಬುದಕ್ಕೆ ಈ ಸೀಮೆಯವರಿಗೆ ಬೇರೆ ಸಾಕ್ಷಿ ಬೇಡ. ಇದನ್ನು ಕಂಡವರು, ಕಾಡಿನ ಪ್ರಾಣಿಯನ್ನು ತಿಂಡಿ ತೋರಿಸಿ ಅಂಗಳಕ್ಕೆ ಕರೆಯುವ ಮುನ್ನ ಇನ್ನೊಮ್ಮೆ ಯೋಚಿಸದಿರಲಾರರು.

ಬಿಡಬೇಕಾದುದು

ಬೇಲಿ ಹಾಕಬೇಕಾದ ಕಡೆ ಹಾಕಿದ ಮೇಲೆ, ಹಾಕದೆ ಬಿಡಬೇಕಾದ ಕಡೆಯನ್ನೂ ಗೊತ್ತುಮಾಡಿಕೊಳ್ಳಬೇಕು. ತೋಟದ ನಡುವೆ ಹರಿಯುವ ಹಳ್ಳದ ಎರಡು ದಡದ ಪೊದೆಯನ್ನು ಸವರದೆ ಬಿಟ್ಟರೆ, ಕಾಡಿನ ತುಂಡಿನಿಂದ ತುಂಡಿಗೆ ಕಾಡುಕುರಿ, ಬರ್ಕಗಳು ಯಾರ ಕಣ್ಣಿಗೂ ಬೀಳದೆ ಹೋಗಿಬರುವುವು. ಕಾಫಿಯ ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ನೆಡದೆ ಅತ್ತಿ, ನೇರಳೆ, ನೆಲ್ಲಿಗಳನ್ನೂ ಉಳಿಸಿದರೆ, ಮರವೇ ಕಾಲಕಾಲಕ್ಕೆ ಹಣ್ಣು ಉದುರಿಸಿ ಉಣಿಸುತ್ತದೆ. ಆ ತೊಟ್ಟಿಗೆ ತುಂಬುವ ಖರ್ಚಿಲ್ಲ. ಒಂದೇ ಕಡೆ ಗುಂಪುಗೂಡಿ ರೋಗ ಹಬ್ಬುವ ಭಯವೂ ಕಡಮೆ. ರಾತ್ರಿ ಮನೆಯ ನಾಯಿಯನ್ನು ಕಟ್ಟಿಹಾಕುವುದು ಇವೆಲ್ಲಕ್ಕಿಂತ ಸುಲಭವಾದ ಉಪಕಾರ. ಹೀಗೆ ನಡೆದುಕೊಂಡ ಮನೆಯ ಮಕ್ಕಳಿಗೆ ಜಿಂಕೆ ದಿನವೂ ಕಾಣಿಸದೆ ಇರಬಹುದು. ಆದರೆ ಮಳೆ ಬಿಟ್ಟ ಒಂದು ಬೆಳಿಗ್ಗೆ, ತಡಬೆಯ ಆಚೆಯ ಹಸಿಮಣ್ಣಿನಲ್ಲಿ ಎರಡು ಸೀಳಿನ ಸಣ್ಣ ಗೊರಸಿನ ಗುರುತು ಕಂಡು, ಇದು ದನದ್ದೋ ಹಂದಿಯದೋ ಕಾಡುಕುರಿಯದೋ ಎಂದು ಅವರು ಅಜ್ಜನನ್ನು ಕೇಳುವಂತಾದರೆ, ಆ ಮನೆಯ ಬೇಲಿಯು ಸರಿಯಾದ ಸ್ಥಳದಲ್ಲಿದೆಯೆಂದು ತಿಳಿಯಬಹುದು.